ಕಾರಿಲ್ಲದೆ ಫ್ರಾನ್ಸಿನ ಕಡಲೂರು: ಆಂಟೀಬ್, ಸೇಂಟ್ ಮಾಲೋ, ಕಸ್ಸೀ

ಫ್ರಾನ್ಸಿನಲ್ಲಿ ಸಮುದ್ರದ ಪಕ್ಕ ಕೆಲವು ದಿನ ಇರಬೇಕು, ಕಾರು ಬಾಡಿಗೆ ಮಾತ್ರ ಬೇಡ ಅನ್ನುವವರು ಊರಿನ ಫೋಟೊ ನೋಡುವ ಮೊದಲು ಮ್ಯಾಪ್ ನೋಡಿ. ರೈಲ್ವೆ ಸ್ಟೇಷನ್ನಿಂದ ನೀರಿನವರೆಗೆ ಎಷ್ಟು ನಡೆಯಬೇಕು? ಅದೊಂದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ನಾನು ಈ ಮೂರೂ ಊರುಗಳಲ್ಲಿ ಕಾರಿಲ್ಲದೆ ಇದ್ದು ನೋಡಿದ್ದೇನೆ. ಚಂದದಲ್ಲಿ ಯಾವುದೂ ಕಡಿಮೆ ಇಲ್ಲ, ಓಡಾಟದಲ್ಲಿ ಮಾತ್ರ ಬಹಳ ವ್ಯತ್ಯಾಸ ಇದೆ.

ನನ್ನ ಮೊದಲ ಆಯ್ಕೆ ದಕ್ಷಿಣ ಕರಾವಳಿಯ ಆಂಟೀಬ್. ನೀಸ್ ವಿಮಾನ ನಿಲ್ದಾಣದಲ್ಲಿ ಇಳಿದು, ಹತ್ತಿರದ ಸೇಂಟ್ ಆಗಸ್ಟಿನ್ ಸ್ಟೇಷನ್ನಿಗೆ ಹೋಗಿ ಟಿಇಆರ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಆಂಟೀಬ್. ಟಿಇಆರ್ ಅಂದರೆ ಅಲ್ಲಿನ ಪ್ರಾದೇಶಿಕ ರೈಲು, ರಿಸರ್ವೇಷನ್ ಬೇಕಿಲ್ಲ. ಸ್ಟೇಷನ್ನಿಂದ ಹಳೇ ಊರಿಗೆ ನಡೆದರೆ ಹತ್ತು ನಿಮಿಷ. ಅಲ್ಲೇ ಕೋಟೆ ಗೋಡೆಯ ಕೆಳಗೆ ಗ್ರಾವೆಟ್ ಎಂಬ ಸಣ್ಣ ಮರಳಿನ ಬೀಚ್ ಇದೆ, ಅಲೆಯ ಹೊಡೆತ ಇಲ್ಲ, ಮಕ್ಕಳಿದ್ದವರಿಗೆ ತುಂಬ ಒಳ್ಳೆಯದು. ನೀಸ್‌ನ ಬೀಚ್ ಪೂರ್ತಿ ಉರುಟು ಕಲ್ಲು, ಬರಿಗಾಲಲ್ಲಿ ನಡೆಯುವುದು ಕಷ್ಟ, ಹಾಗಾಗಿ ಇದು ದೊಡ್ಡ ಅನುಕೂಲ. ಮೇಲೆ ಗ್ರಿಮಾಲ್ಡಿ ಕೋಟೆಮನೆ. 1946ರಲ್ಲಿ ಪಿಕಾಸೋ ಅಲ್ಲಿ ಕೆಲವು ತಿಂಗಳು ಚಿತ್ರ ಬರೆದಿದ್ದ, ಈಗ ಅದು ಅವನ ಮ್ಯೂಸಿಯಂ.

ಆದರೆ ಆಂಟೀಬ್ ಗೆಲ್ಲುವುದು ರೈಲಿನಿಂದ. ಕರಾವಳಿಯುದ್ದಕ್ಕೂ ಒಂದೇ ಲೈನು: ಒಂದು ಕಡೆ ಕಾನ್, ಇನ್ನೊಂದು ಕಡೆ ನೀಸ್, ವಿಲ್‌ಫ್ರಾಂಶ್, ಮೊನಾಕೊ, ಇಟಲಿ ಗಡಿಯ ಮೆಂಟನ್, ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ಕಿಟಕಿ ಪಕ್ಕ ಸೀಟು ಸಿಕ್ಕರೆ ಅರ್ಧ ದಾರಿ ಸಮುದ್ರ ಕಾಣುತ್ತದೆ. ಗಮನಿಸಬೇಕಾದ ಊರು ಎಝ್. ಅದರ ಸ್ಟೇಷನ್ ಇರುವುದು ಸಮುದ್ರದ ಅಂಚಿನಲ್ಲಿ, ಎಲ್ಲರೂ ನೋಡಲು ಬರುವ ಹಳ್ಳಿ ಇರುವುದು ಸುಮಾರು 400 ಮೀಟರ್ ಮೇಲೆ. ಹತ್ತುವ ಕಾಲುದಾರಿ ಕಡಿದಾಗಿದೆ, ಬೇಸಿಗೆಯ ಮಧ್ಯಾಹ್ನ ಬೇಡವೇ ಬೇಡ. ನೀಸ್‌ನಿಂದ ನೇರ ಹಳ್ಳಿಗೇ ಬಸ್ಸಿದೆ, ಅದರಲ್ಲಿ ಹೋಗಿ ಇಳಿಯುವಾಗ ನಡೆಯಿರಿ.

ಸಸ್ಯಾಹಾರಿಗಳಿಗೆ ಒಂದು ಮಾತು: ಈ ಕಡೆ ಸೊಕ್ಕಾ ಎಂಬ ದೋಸೆಯಂಥ ತಿಂಡಿ ಸಿಗುತ್ತದೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಬಿಸಿಬಿಸಿ ತಿಂದರೆ ಮಧ್ಯಾಹ್ನದ ಊಟ ಮುಗಿದಂತೆ. ತೊಂದರೆ ಅಂದರೆ ಜುಲೈ–ಆಗಸ್ಟ್‌ನಲ್ಲಿ ರೂಮ್ ಬಾಡಿಗೆ ಜಾಸ್ತಿ, ಸಂಜೆಯ ರೈಲುಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹೋಗಿ, ನೀರು ಆಗಲೂ ಬೆಚ್ಚಗಿರುತ್ತದೆ.

ಸೇಂಟ್ ಮಾಲೋ ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿ ಪ್ರಾಂತ್ಯದಲ್ಲಿದೆ, ಅದರ ಸ್ವಭಾವವೇ ಬೇರೆ. ಪ್ಯಾರಿಸ್‌ನ ಮೊಂಪಾರ್ನಾಸ್ ಸ್ಟೇಷನ್ನಿಂದ ನೇರ ಟಿಜಿವಿ, ಅಂದರೆ ಹೈಸ್ಪೀಡ್ ರೈಲು. 2017ರಲ್ಲಿ ರೆನ್ ನಗರದವರೆಗಿನ ಹೊಸ ಹೈಸ್ಪೀಡ್ ಲೈನು ಶುರುವಾದ ಮೇಲೆ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಬಹುದು. ಸ್ಟೇಷನ್ನಿಂದ ಕೋಟೆಯೊಳಗಿನ ಊರಿಗೆ ಹದಿನೈದು–ಇಪ್ಪತ್ತು ನಿಮಿಷದ ಸಮತಟ್ಟು ನಡಿಗೆ. ಎರಡನೇ ಮಹಾಯುದ್ಧದಲ್ಲಿ, 1944ರ ಆಗಸ್ಟ್‌ನಲ್ಲಿ, ಈ ಊರಿನ ಬಹುಪಾಲು ಸುಟ್ಟು ಬಿದ್ದಿತ್ತು. ಗ್ರಾನೈಟ್ ಕಲ್ಲಲ್ಲಿ ಮತ್ತೆ ಎಷ್ಟು ಶ್ರದ್ಧೆಯಿಂದ ಕಟ್ಟಿದ್ದಾರೆಂದರೆ, ಗೋಡೆಯ ಮೇಲೆ ಸುತ್ತು ಹಾಕುವಾಗ ನಂಬುವುದೇ ಕಷ್ಟ.

ಇಲ್ಲಿ ಕಾರಿಗಿಂತ ಉಬ್ಬರ–ಇಳಿತದ ವೇಳಾಪಟ್ಟಿ ಮುಖ್ಯ. ದೊಡ್ಡ ಉಬ್ಬರದ ದಿನ ನೀರಿನ ಮಟ್ಟ 12 ಮೀಟರಿಗೂ ಮೀರಿ ಏರಿಳಿಯುತ್ತದೆ. ಇಳಿತದಲ್ಲಿ ಗ್ರಾಂ ಬೇ ದ್ವೀಪಕ್ಕೆ ನಡೆದೇ ಹೋಗಬಹುದು. ಹೊತ್ತು ನೋಡದೆ ಅಲ್ಲೇ ಉಳಿದರೆ ದಾರಿ ಮತ್ತೆ ತೆರೆಯುವವರೆಗೆ ಗಂಟೆಗಟ್ಟಲೆ ಕಾಯಬೇಕು. ಎದುರು ದಡದ ದಿನಾರ್‌ಗೆ ದೋಣಿಯಲ್ಲಿ ಹತ್ತು ನಿಮಿಷ. ರಸ್ತೆಯಲ್ಲಿ ಹೋದರೆ ರಾನ್ಸ್ ನದಿಯ ಉಬ್ಬರದ ವಿದ್ಯುತ್ ಸ್ಥಾವರದ ಮೇಲೇ ದಾಟುತ್ತೀರಿ. 1966ರಲ್ಲಿ ಶುರುವಾದದ್ದು, 240 ಮೆಗಾವಾಟ್, ಎಂಜಿನಿಯರಿಂಗ್ ಇಷ್ಟಪಡುವವರು ಸುಮ್ನೆ ಆದರೂ ಹೋಗಿ ಬನ್ನಿ.

ದ್ವೀಪದ ಮೇಲಿನ ಹಳೇ ಮಠಕ್ಕೆ ಹೆಸರಾದ ಮೊಂ ಸೇಂಟ್ ಮಿಷೆಲ್‌ಗೆ ಮಾತ್ರ ಇಲ್ಲಿಂದ ನೇರ ಬಸ್ಸು ಕೆಲವೇ, ಮೊದಲೇ ಸಮಯ ನೋಡಿ ದಿನ ಗೊತ್ತು ಮಾಡಿಕೊಳ್ಳಿ. ಕಾರಿದ್ದರೆ ಬಾಗಿಲಿಗೇ ಹೋಗಬಹುದು ಅಂದುಕೊಳ್ಳಬೇಡಿ. ಕಾರಿನವರೂ ಎರಡೂವರೆ ಕಿಲೋಮೀಟರ್ ದೂರದಲ್ಲಿ ಪಾರ್ಕ್ ಮಾಡಿ ಉಚಿತ ಶಟಲ್ ಬಸ್ಸಿಗೆ ನಿಲ್ಲಬೇಕು. ಸೇಂಟ್ ಮಾಲೋದ ಸಮುದ್ರ ಆಗಸ್ಟ್‌ನಲ್ಲೂ ತಣ್ಣಗೆ. ಈಜುವುದೇ ಮುಖ್ಯವಾದರೆ ಆಂಟೀಬ್‌ಗೆ ಹೋಗಿ, ಗಾಳಿ, ಕಲ್ಲು, ಅಲೆ ಇಷ್ಟವಾದರೆ ಇಲ್ಲಿಗೆ ಬನ್ನಿ.

ಇನ್ನು ದಕ್ಷಿಣದ ಮಾರ್ಸೇ ನಗರದ ಹತ್ತಿರದ ಕಸ್ಸೀ. ಮೂರರಲ್ಲಿ ಅತಿ ಚಂದದ ನೀರು ಇದರದ್ದೇ. ಬಂದರಿನಿಂದ ನಡೆದೇ ಕಲಾಂಕ್‌ಗಳಿಗೆ, ಅಂದರೆ ಸುಣ್ಣಕಲ್ಲಿನ ಬಂಡೆಗಳ ನಡುವೆ ಸಮುದ್ರ ಒಳನುಗ್ಗಿದ ಕಿರಿದಾದ ಕೊಲ್ಲಿಗಳಿಗೆ, ಹೋಗಬಹುದು. ಮೊದಲು ಪೋರ್ ಮಿಯು, ಆಮೇಲೆ ಪೋರ್ ಪಾಂ, ಕೊನೆಗೆ ಕಡಿದಾಗಿ ಇಳಿಯುವ ಆಂ ವೋ. ಆದರೆ ಸ್ಟೇಷನ್ ಊರಿನಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ, ಎತ್ತರದಲ್ಲಿದೆ. ನಾನು ಇಳಿದ ಹೊತ್ತಿಗೆ ಬಸ್ಸಿರಲಿಲ್ಲ, ಸೂಟ್‌ಕೇಸ್ ಎಳೆದುಕೊಂಡು ನಡೆದೆ. ಬರುವಾಗ ಇಳಿಜಾರು ಪರವಾಗಿಲ್ಲ, ವಾಪಸ್ ಹೋಗುವಾಗ ಪೂರ್ತಿ ಏರು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಅಪಾಯ ಇದ್ದ ದಿನ ಕಲಾಂಕ್ ದಾರಿಗಳನ್ನೂ ಮುಚ್ಚುತ್ತಾರೆ, ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ. ಕಾಲುದಾರಿ ಮುಚ್ಚಿದ ದಿನ ಬಂದರಿನಿಂದ ದೋಣಿಯಲ್ಲಿ ನೋಡಬಹುದು.

ಹಾಗಾಗಿ ಕಸ್ಸೀಗೆ ಹೋಗಿ, ಆದರೆ ಅಲ್ಲಿ ತಂಗಬೇಡಿ. ಮಾರ್ಸೇಯಲ್ಲಿ ಸೇಂಟ್ ಶಾರ್ಲ್ ಸ್ಟೇಷನ್ ಹತ್ತಿರ ರೂಮ್ ಮಾಡಿ ಬೆಳಗಿನ ರೈಲು ಹಿಡಿಯಿರಿ, ಅರ್ಧ ಗಂಟೆಯೂ ಆಗುವುದಿಲ್ಲ. ಬೆನ್ನಿಗೆ ಒಂದು ಚೀಲ, ಬೇಕಾದಷ್ಟು ನೀರು, ಗಟ್ಟಿ ಶೂ ಇದ್ದರೆ ಆ 3 ಕಿಲೋಮೀಟರ್ ಭಾರ ಅನ್ನಿಸುವುದಿಲ್ಲ.