ಮನೆ ಕಟ್ಟಿಸೋರೇ, ಕ್ಯಾಲೆಂಡರ್ ನೋಡಿ ದುಡ್ಡು ಕೊಡಬೇಡಿ

ತುಮಕೂರಿನಲ್ಲಿ ನಮ್ಮದೊಂದು 30-40 ಸೈಟು. ಮೇಲೂ ಕೆಳಗೂ ಸೇರಿ 16 ಚದರದ ಮನೆ. ಜನವರಿಯಲ್ಲಿ ಭೂಮಿಪೂಜೆ, ಶ್ರಾವಣಕ್ಕೆ ಗೃಹಪ್ರವೇಶ ಅಂತ ಕಂಟ್ರಾಕ್ಟರ್ ಮಾತು ಕೊಟ್ಟಿದ್ದರು. ವಾಟ್ಸಾಪಿನಲ್ಲಿ ಬಣ್ಣಬಣ್ಣದ ಎಕ್ಸೆಲ್ ಶೀಟು ಬೇರೆ ಬಂತು. ಮೇಸ್ತ್ರಿ ಬಾಯಿಮಾತಿಗಿಂತ ಇದು ಎಷ್ಟೋ ವಾಸಿ ಅಂದುಕೊಂಡೆವು. ಕಡೆಗೆ ಹಾಲು ಉಕ್ಕಿಸಿದ್ದು ಮರುವರ್ಷದ ಮಾಘದಲ್ಲಿ.

ನಾನು ಮಾಡಿದ ದೊಡ್ಡ ತಪ್ಪು ಅಗ್ರಿಮೆಂಟಿನಲ್ಲೇ ಇತ್ತು. ಅಡ್ವಾನ್ಸ್ ಶೇ. 10, ಆಮೇಲೆ ಪ್ರತಿ ತಿಂಗಳು 5ನೇ ತಾರೀಖು ಶೇ. 15. ಎಲ್ಲೂ "ಪಾಯ ಮುಗಿದ ಮೇಲೆ", "ಮೋಲ್ಡ್ (ಸೂರಿನ ಕಾಂಕ್ರೀಟ್) ಆದ ಮೇಲೆ" ಅನ್ನೋ ಮಾತೇ ಇಲ್ಲ. ಮೇ 5ಕ್ಕೆ ಶೇ. 70 ಕೊಟ್ಟು ಮುಗಿಸಿದ್ದೆ. ಗೋಡೆ ಆಗಿನ್ನೂ ಕೆಳಮನೆಯ ಲಿಂಟಲ್ ಮಟ್ಟದಲ್ಲಿತ್ತು, ಅಂದರೆ ಬಾಗಿಲು-ಕಿಟಕಿಯ ಮೇಲಂಚಿನ ತನಕ ಅಷ್ಟೇ. ಸಾಲ ಕೊಟ್ಟ ಬ್ಯಾಂಕು ಮಾತ್ರ ತನ್ನ ಇಂಜಿನಿಯರನ್ನ ಕಳಿಸಿ, ಆಗಿರೋ ಕೆಲಸ ನೋಡಿ, ಅಷ್ಟಕ್ಕೇ ಕಂತು ಬಿಡುತ್ತಿತ್ತು. ಉಳಿದದ್ದಕ್ಕೆ ನಾನು ಹೆಂಡತಿಯ ಬಳೆ ಅಡ ಇಟ್ಟು ಕೊಡ್ತಿದ್ದೆ. ಆಗಲೇ ತಲೆಗೆ ಹೊಳೀಬೇಕಿತ್ತು.

ಆ ಶೀಟನ್ನ ಈಗ ತೆಗೆದು ನೋಡಿದರೆ ನಗು ಬರುತ್ತೆ. ಯುಗಾದಿಗೆ ಒಂದು ದಿನವೂ ರಜೆ ಇಲ್ಲ. ನಮ್ಮ ಕೆಲಸದವರೆಲ್ಲ ಯಾದಗಿರಿ ಕಡೆಯವರು, ಹಬ್ಬಕ್ಕೆ ಊರಿಗೆ ಹೋದವರು ಮೂರು ವಾರ ಬರಲಿಲ್ಲ. ಮಳೆಗಾಲ ಅನ್ನೋದೊಂದು ಇದೆ ಅಂತಲೂ ಅದರಲ್ಲಿ ಇಲ್ಲ. ಎಲ್ಲಕ್ಕಿಂತ ದುಬಾರಿಯಾಗಿದ್ದು "ಎಲೆಕ್ಟ್ರಿಕಲ್" ಅನ್ನೋ ಸಾಲು: ಐದನೇ ತಿಂಗಳಲ್ಲಿ, ಪ್ಲಾಸ್ಟರಿಂಗ್ ಕೆಳಗೆ!

ಮೋಲ್ಡ್ ಹಾಕಿದ್ದು ಮೇ ಕೊನೆಯ ಭಾನುವಾರ. ಬೆಳಿಗ್ಗೆ ಆರಕ್ಕೇ ಮಿಕ್ಸರ್ ಶುರುವಾಯಿತು. ನಾನು ತೆಂಗಿನಕಾಯಿ ಒಡೆದು, ಎಲ್ಲರಿಗೂ ಇಡ್ಲಿ ತರಿಸಿ, ಫೋಟೋ ತೆಗೀತಾ ನಿಂತಿದ್ದೆ. ಮಧ್ಯಾಹ್ನ ಎದುರು ಮನೆಯ ನಿವೃತ್ತ ಇಂಜಿನಿಯರ್ ಅಂಕಲ್ ಮೇಲೆ ಹತ್ತಿ ಬಂದು, "ಅಲ್ಲಪ್ಪಾ, ಕಂಬಿ ಮಧ್ಯೆ ಪೈಪೂ ಇಲ್ಲ, ಫ್ಯಾನ್ ಬಾಕ್ಸೂ ಇಲ್ಲ, ವೈರ್ ಎಲ್ಲಿಂದ ಎಳೀತೀಯ?" ಅಂದರು. ಅಷ್ಟೊತ್ತಿಗೆ ಮುಕ್ಕಾಲು ಕಾಂಕ್ರೀಟ್ ಬಿದ್ದಾಗಿತ್ತು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ನಂಗ್ಯಾರೂ ಹೇಳೇ ಇಲ್ಲ ಸಾರ್" ಅಂದ.

ಒಂಬತ್ತನೇ ದಿನ ಸೆಂಟ್ರಿಂಗ್, ಅಂದರೆ ಮೋಲ್ಡಿಗೆ ಕೆಳಗಿಂದ ಕೊಟ್ಟ ಆಸರೆ, ಬಿಚ್ಚೋಕೆ ಆಳುಗಳು ಬಂದರು. ಅದರ ತಗಡಿನ ಶೀಟು, ಜಾಕಿಗೆ ದಿನಬಾಡಿಗೆ ಅಲ್ವಾ, ಕಂಟ್ರಾಕ್ಟರ್‌ಗೆ ಬೇರೆ ಸೈಟಿಗೆ ಸಾಗಿಸೋ ಅವಸರ. ನಮ್ಮ ಹಾಲ್ 16 ಅಡಿ ಅಗಲ. ಮಾಮೂಲಿ ಸಿಮೆಂಟಿನಲ್ಲೂ ನಾಲ್ಕೂವರೆ ಮೀಟರ್ ದಾಟಿದ ಮೋಲ್ಡಿಗೆ ಕನಿಷ್ಠ 14 ದಿನ ಆಸರೆ ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲೇ ಇದೆ. ಅಂಕಲ್ ಆ ಪುಟದ ಜೆರಾಕ್ಸ್ ಹಿಡಿದು ಬಾಗಿಲಲ್ಲಿ ನಿಂತರು, ಆಳುಗಳು ವಾಪಸ್ ಹೋದರು. ಅವರಿಲ್ಲದಿದ್ದರೆ ನಾನು ಆಫೀಸಿನಲ್ಲಿರುತ್ತಿದ್ದೆ, ಜಾಕಿ ಲಾರಿಯಲ್ಲಿರುತ್ತಿತ್ತು.

ಆಮೇಲೆ ಕಂಟ್ರಾಕ್ಟರ್ ಫೋನ್ ಎತ್ತೋದು ಕಮ್ಮಿಯಾಯಿತು. ಜೂನ್ ಕಂತು ಹಿಡಿದೆ, ಕೆಲಸ ನಿಂತಿತು. ಅಗ್ರಿಮೆಂಟ್ ಪ್ರಕಾರ ತಪ್ಪು ನನ್ನದೇ ಅಂತೆ! ಬಾಡಿಗೆ, ಬ್ಯಾಂಕಿನ ಬಡ್ಡಿ ಎರಡೂ ತೆತ್ತುಕೊಂಡು ದೀಪಾವಳಿ ತನಕ ಎಳೆದಾಡಿ, ಕೊನೆಗೆ ಬೇರೆ ಮೇಸ್ತ್ರಿ ಹಿಡಿದು ಮುಗಿಸಿದೆ.

ನೀವು ಸಹಿ ಹಾಕೋ ಮುಂಚೆ ಕಂತನ್ನ ಕೆಲಸಕ್ಕೆ ಕಟ್ಟಿ: ಪಾಯ, ಲಿಂಟಲ್, ಮೋಲ್ಡ್, ಪ್ಲಾಸ್ಟರಿಂಗ್ ಅಂತ. ಕೊನೇ ಶೇ. 10 ಬೀಗದ ಕೈ ಸಿಗೋ ತನಕ ಕೊಡಬೇಡಿ. ಎಕ್ಸೆಲ್ ಶೀಟು ಕೊಟ್ಟರೆ ತಾರೀಖು ಬಿಡಿ, ಯಾವ ಕೆಲಸಕ್ಕೆ ಮುಂಚೆ ಯಾರು ಬರಬೇಕು ಅಂತ ಕೇಳಿ. ಕ್ಯೂರಿಂಗ್‌ಗೂ (ಕಾಂಕ್ರೀಟಿಗೆ ನೀರುಣಿಸೋದಕ್ಕೂ) ಆಸರೆಗೂ ದಿನ ಬರೆಸಿ. ಮೋಲ್ಡಿನ ಹಿಂದಿನ ದಿನ ಎಲೆಕ್ಟ್ರಿಷಿಯನ್ ಜೊತೆ ನೀವೇ ಮೇಲೆ ಹತ್ತಿ ಪೈಪ್ ಎಣಿಸಿ.

ನಮ್ಮ ಹಾಲ್‌ನಲ್ಲಿ ಫ್ಯಾನಿಗೆ ಈಗ ಸೂರಿನ ಒಳಮೈಯಲ್ಲೇ, ಎದ್ದು ಕಾಣೋ ಹಾಗೆ, ವೈರ್ ಮುಚ್ಚೋ ಬಿಳಿ ಕೇಸಿಂಗ್ ಪಟ್ಟಿ ಹಾದುಹೋಗಿದೆ, ಮೋಲ್ಡ್ ಕೊರೆದು ಬೋಲ್ಟ್ ಹಾಕಿದ್ದೇವೆ. ಕಂಬಿ ಅಡ್ಡ ಬಂದಿದ್ದಕ್ಕೆ ನಡುವಿನಿಂದ ಅರ್ಧ ಅಡಿ ಪಕ್ಕಕ್ಕೆ. ಬಂದ ನೆಂಟರೆಲ್ಲ ಕಾಫಿ ಲೋಟ ಹಿಡಿದು ಮೊದಲು ಅದನ್ನೇ ನೋಡ್ತಾರೆ.