ಬ್ರಿಟನ್‌ನಲ್ಲಿ ಸೆಕ್ಯುರಿಟಿ ಕೆಲಸ: ಡೋರ್ ಸೂಪರ್‌ವೈಸರ್ ಕೋರ್ಸಾ, ಗಾರ್ಡ್ ಕೋರ್ಸಾ?

ಡೋರ್ ಸೂಪರ್‌ವೈಸರ್ ಅಂದರೆ ಪಬ್, ನೈಟ್‌ಕ್ಲಬ್ ಬಾಗಿಲು ಕಾಯುವವರು. ಈ ಎರಡೂ ಕೆಲಸಕ್ಕೆ ಸಾಮಾನ್ಯವಾಗಿ ಎಸ್‌ಐಎ (ಅಲ್ಲಿನ ಸೆಕ್ಯುರಿಟಿ ಕೆಲಸಗಳ ನಿಯಂತ್ರಣ ಸಂಸ್ಥೆ) ಕೊಡುವ ಲೈಸೆನ್ಸ್ ಬೇಕು, ಅದಕ್ಕೆ ಮೊದಲು ಕೋರ್ಸ್ ಮುಗಿಸಬೇಕು. ವಯಸ್ಸು 18 ತುಂಬಿರಬೇಕು. ಲೈಸೆನ್ಸ್ ಶುಲ್ಕ ಎರಡಕ್ಕೂ ಒಂದೇ, ಅವಧಿಯೂ 3 ವರ್ಷ. ಹಾಗಾದರೆ ವ್ಯತ್ಯಾಸ ಎಲ್ಲಿ?

ಗಾರ್ಡ್ ಕೋರ್ಸ್ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಆ ಲೈಸೆನ್ಸ್ ಹಿಡಿದು ಪಬ್, ನೈಟ್‌ಕ್ಲಬ್ ಬಾಗಿಲಲ್ಲಿ ನಿಲ್ಲುವಂತಿಲ್ಲ. ಡೋರ್ ಸೂಪರ್‌ವೈಸರ್ ಲೈಸೆನ್ಸ್ ಇದ್ದರೆ ಅಂಗಡಿ, ಆಫೀಸು, ಗೋದಾಮಿನ ಗಾರ್ಡ್ ಕೆಲಸವನ್ನೂ ಮಾಡಬಹುದು. ಇದೇ ದೊಡ್ಡ ಲಾಭ ಅಲ್ವಾ?

ಡೋರ್ ಕೋರ್ಸಿನಲ್ಲಿ ಜಾಸ್ತಿ ಸಿಗುವುದು ಮೈಮುಟ್ಟಿ ತಡೆಯುವ ತರಬೇತಿ. ಕುಡಿದು ಜಗಳಕ್ಕೆ ಬಂದವರನ್ನು ಗಾಯವಾಗದಂತೆ ಹೇಗೆ ಹಿಡಿಯಬೇಕು, ಹೇಗೆ ಹೊರಗೆ ಕರೆತರಬೇಕು ಎಂದು ಮಾಡಿಸಿ ಕಲಿಸುತ್ತಾರೆ. ತಪ್ಪಾಗಿ ಅದುಮಿ ಹಿಡಿದರೆ ಉಸಿರುಕಟ್ಟಿ ಜೀವವೇ ಹೋಗಬಹುದು. ಹಾಗಾಗಿ ಈ ಭಾಗವನ್ನು ಸುಮ್ನೆ ಮುಗಿಸಿಬಿಡುವ ಸಂಸ್ಥೆಗೆ ದುಡ್ಡು ಕಟ್ಟಲೇಬೇಡಿ.

ಎರಡೂ ಕೋರ್ಸಿಗೆ ಮೊದಲೇ ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್ ಬೇಕು. ಶುಲ್ಕದಲ್ಲಿ ಅದೂ ಸೇರಿದೆಯಾ ಕೇಳಿ.

ರಾತ್ರಿ ಪಾಳಿ, ಗಲಾಟೆ ಬೇಡವೇ ಬೇಡ ಎನ್ನುವವರಿಗೆ ಗಾರ್ಡ್ ಕೋರ್ಸ್ ಸಾಕು. ಉಳಿದವರಿಗೆ ನನ್ನ ಮಾತು ಡೋರ್ ಸೂಪರ್‌ವೈಸರ್ ಕಡೆಗೇ. ಸ್ಟೂಡೆಂಟ್ ವೀಸಾದಲ್ಲಿ ಇದ್ದೀರಾ? ಕೆಲಸದ ಗಂಟೆಗಳ ಮಿತಿ ನೋಡಿಕೊಂಡೇ ಪಾಳಿ ಒಪ್ಪಿಕೊಳ್ಳಿ.