ಸಿರಿಂಜ್ ಜೊತೆಗೆ ಕೊಡುವ ಹಕ್ಕಿಮರಿಯನ್ನು ಮನೆಗೆ ತರಬೇಡಿ

ಡಿಸೆಂಬರ್‌ನಲ್ಲಿ ನಮ್ಮನೆಗೆ ಬಂದ ಕಾಕಟೀಲ್ (ಜುಟ್ಟಿರುವ ಪುಟ್ಟ ಗಿಳಿ ಜಾತಿ) ಮರಿ ಒಂಬತ್ತೇ ದಿನ ಬದುಕಿತು. ಮೈಸೂರಿನಲ್ಲಿ ಹಕ್ಕಿ ಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ.

ಮೈಸೂರಿನ ಗಿಳಿಗಳ ಉದ್ಯಾನ ಶುಕವನ ನೋಡಿ ಬಂದಾಗಿನಿಂದ ಮಗಳಿಗೆ ಹಕ್ಕಿ ಸಾಕುವ ಆಸೆ. ನಮ್ಮ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ಗೊತ್ತಿತ್ತು. ಹಾಗಾಗಿ ಆಸ್ಟ್ರೇಲಿಯಾ ಮೂಲದ ಕಾಕಟೀಲ್ ಹುಡುಕಿದೆವು. ಮನೆಯಲ್ಲೇ ಮರಿ ಮಾಡಿಸಿ ಮಾರುವವರೊಬ್ಬರು ಸಿಕ್ಕಿದರು. ಒಳಗೆ ಕರೆಯಲಿಲ್ಲ. ಗೇಟಿನ ಹತ್ತಿರವೇ ರಟ್ಟಿನ ಡಬ್ಬದಲ್ಲಿ ಮರಿ ತಂದುಕೊಟ್ಟರು. ಗರಿ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. "ನಾಲ್ಕು ವಾರದ್ದು ಮೇಡಂ. ನೀವೇ ತಿನ್ನಿಸಿ, ಆಗಲೇ ಹತ್ತಿರ ಆಗೋದು" ಅಂದರು. ಜೊತೆಗೊಂದು ಸಿರಿಂಜ್, ಗಂಜಿ ಕಲಸಲು ಒಂದು ಪೊಟ್ಟಣ ಪುಡಿ.

ಆ ಮಾತನ್ನು ನಂಬಬೇಡಿ. ತಾನಾಗಿ ತಿನ್ನಲು ಕಲಿತ ಮರಿಯೂ ದಿನಾ ಮಾತಾಡಿಸಿದರೆ ಹತ್ತಿರವಾಗುತ್ತದೆ. ಬೇಗ ಮಾರಿದರೆ ಲಾಭ ಮಾರುವವರಿಗೇ. ವಾರಗಟ್ಟಲೆ ತಿನ್ನಿಸುವ ಕೆಲಸ ತಪ್ಪುತ್ತದೆ. ಮರಿ ಎತ್ತಿಬಿಟ್ಟರೆ ತಾಯಿ ಬೇಗ ಮತ್ತೆ ಮೊಟ್ಟೆಗೆ ಬರುತ್ತದೆ.

ಹಕ್ಕಿಯ ಕತ್ತಿನ ಬುಡದಲ್ಲಿ ಆಹಾರ ನಿಲ್ಲುವ ಚೀಲ ಇದೆ, ಕ್ರಾಪ್ ಅನ್ನುತ್ತಾರೆ. ಕೊಡುವ ಗಂಜಿ ಸುಮಾರು 40 ಡಿಗ್ರಿ ಬಿಸಿ ಇರಬೇಕು. ಜಾಸ್ತಿ ಬಿಸಿಯಾದರೆ ಕ್ರಾಪ್ ಸುಡುತ್ತದೆ. ತಣ್ಣಗಾದರೆ ಅಲ್ಲೇ ನಿಂತು ಹುಳಿಯುತ್ತದೆ. ಸಿರಿಂಜ್ ಸ್ವಲ್ಪ ತಪ್ಪಿದರೂ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಇದ್ಯಾವುದನ್ನೂ ಅವರು ಹೇಳಲಿಲ್ಲ. ಏಳನೇ ದಿನ ಬೆಳಿಗ್ಗೆ ನೋಡಿದರೆ, ಹಿಂದಿನ ರಾತ್ರಿ ಕೊಟ್ಟ ಗಂಜಿ ಕ್ರಾಪ್‌ನಲ್ಲಿ ಹಾಗೇ ಇತ್ತು, ಬಾಯಿಂದ ಹುಳಿ ವಾಸನೆ. ಡಾಕ್ಟರ್ ಹತ್ತಿರ ಓಡಿದೆವು. ತಡವಾಗಿತ್ತು. ಕೊನೆಗೆ ಅದು ಮಗಳ ಅಂಗೈಯಲ್ಲೇ ಹೋಯಿತು.

ಕೇಳಲು ಮಾರಿದವರ ಮನೆಗೆ ಮತ್ತೆ ಹೋದಾಗ ಬಾಗಿಲು ತೆರೆದಿತ್ತು. ಒಂದು ಹೆಣ್ಣು ಗೂಡಿನ ಪೆಟ್ಟಿಗೆಯಲ್ಲಿ ಮರಿಗಳಿರುವಾಗಲೇ ಮತ್ತೆ ಮೊಟ್ಟೆ ಇಟ್ಟಿತ್ತು. ಮೈಯೆಲ್ಲ ಸೊರಗಿತ್ತು. ಹೀಗೆ ಬಿಡುವಿಲ್ಲದೆ ಮೊಟ್ಟೆ ಇಡಿಸಿದರೆ ಮೈಯ ಕ್ಯಾಲ್ಸಿಯಂ ಖಾಲಿಯಾಗುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಹಕ್ಕಿ ಸಾಯಬಹುದು. ಪಕ್ಕದ ಜೋಡಿ ಒಂದೇ ಗೂಡಿನ ಅಣ್ಣ ತಂಗಿ! "ಹಳದಿ ಬಣ್ಣ ಚೆನ್ನಾಗಿ ಬರುತ್ತೆ" ಅಂತ ಅವರೇ ಹೇಳಿದರು. ಅವುಗಳ ಜುಟ್ಟಿನ ಹಿಂದೆ ಬೋಳು. ಲುಟಿನೊ ಅನ್ನುವ ಈ ಹಳದಿ ತಳಿಯಲ್ಲಿ ಇದು ಸಾಮಾನ್ಯ, ಒಡಹುಟ್ಟಿದವುಗಳನ್ನೇ ಜೋಡಿ ಮಾಡಿದರೆ ಇನ್ನೂ ಹೆಚ್ಚುತ್ತದೆ. ನಮ್ಮ ಮರಿಗೂ ಹಾಗೇ ಇತ್ತು. ಗರಿ ಆಮೇಲೆ ಬರುತ್ತದೆ ಅಂದುಕೊಂಡಿದ್ದೆ.

ಕೊಳ್ಳುವ ಮುಂಚೆ ತಂದೆತಾಯಿಯನ್ನು ನೋಡಿ, ಯಾವ ಗೂಡಿನವು ಅಂತ ಕೇಳಿ. ಹೆಣ್ಣಿಗೆ ವರ್ಷಕ್ಕೆ ಎಷ್ಟು ಸಲ ಮರಿ ಮಾಡಿಸುತ್ತಾರೆ ಅಂತಲೂ ಕೇಳಿ, ಎರಡು ಸಲವೇ ಸಾಕು. ಮರಿ ನವಣೆಯನ್ನು ತಾನೇ ಸಿಪ್ಪೆ ಬಿಡಿಸಿ ತಿನ್ನುವುದನ್ನು ಕಣ್ಣಾರೆ ನೋಡಿ, ಕಾಕಟೀಲ್‌ಗೆ ಇದಕ್ಕೆ 8ರಿಂದ 10 ವಾರ ಬೇಕು. ಒಳಗೆ ಬಿಡದಿದ್ದರೆ ವಾಪಸ್ ಬನ್ನಿ.

ಈಗಾಗಲೇ ಅಂಥ ಮರಿ ತಂದಿದ್ದರೆ ಬೆಚ್ಚಗಿಡಿ. ಇವತ್ತೇ ಹಕ್ಕಿ ನೋಡುವ ಡಾಕ್ಟರ್ ಹತ್ತಿರ ಹೋಗಿ, ತಿನ್ನಿಸುವುದನ್ನು ಅವರ ಮುಂದೆಯೇ ಕಲಿಯಿರಿ.